ಹೈಸ್ಕೂಲ್ ಪಾಠದೊಳಗೆ ಆಟ, ಆ್ಯಪ್ ಕಟ್ಟಿಸುವುದು ಹೇಗೆ: ತುಂಗಭದ್ರಾ ಸೀಮೆಯ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಮಕ್ಕಳಿಗೆ ಕಂಪ್ಯೂಟರ್‌ನಲ್ಲಿ ಆಟ ಆಡಲು ಬಿಟ್ಟರೆ ಒಂದು ಪಿರಿಯಡ್ ಸಲೀಸಾಗಿ ಕಳೆಯುತ್ತದೆ. ಅದೇ ಮಕ್ಕಳಿಗೆ ಒಂದು ಆಟ ಕಟ್ಟಿ ಅಂತ ಹೇಳಿ ನೋಡಿ. ಮೊದಲ ಹತ್ತು ನಿಮಿಷದಲ್ಲೇ ಪಾಠಪುಸ್ತಕ ಹೊರಗೆ ಬರುತ್ತದೆ. ಆಟ ಕಟ್ಟಬೇಕೆಂದರೆ ನಿಯಮ ಬರೆಯಬೇಕು. ನಿಯಮ ಬರೆಯಬೇಕೆಂದರೆ ವಿಷಯ ಗೊತ್ತಿರಬೇಕು. ಮಾವಿನಹಣ್ಣು ಬೀಳುವಾಗ ಅದರ ವೇಗ ಹೇಗೆ ಜಾಸ್ತಿಯಾಗುತ್ತದೆ ಅಂತ ತಿಳಿಯದ ಹುಡುಗಿ ಪರದೆಯ ಮೇಲೆ ಅದನ್ನು ಸರಿಯಾಗಿ ಬೀಳಿಸಲಾರಳು. ಬಾಯಿಪಾಠ ಇಲ್ಲಿ ನಡೆಯುವುದಿಲ್ಲ. ನಾನು ಈ ಕೆಲಸವನ್ನು ಇಷ್ಟು ನಂಬುವುದು ಇದಕ್ಕೇ.

ನಾನು ಗಂಗಾವತಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಗಣಿತ, ವಿಜ್ಞಾನ ಕಲಿಸುವವನು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಒಂದು ತರಗತಿಯಲ್ಲಿ ನಲವತ್ತು, ಐವತ್ತು ಮಕ್ಕಳು. ಕಂಪ್ಯೂಟರ್ ಬೆರಳೆಣಿಕೆಯಷ್ಟು. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಈ ಮಿತಿಗಳೊಳಗೇ ಮಾಡಬಹುದಾದ ಕೆಲಸ ಇದು.

ಮೊದಲು ಪಾಠ ಆರಿಸಿ, ಆಮೇಲೆ ಆಟ

ಎಲ್ಲ ಪಾಠವೂ ಆಟವಾಗುವುದಿಲ್ಲ. ಆಗಿಸಲೂಬಾರದು. ಪಾಠದಲ್ಲಿ ಒಂದು ನಿಯಮ ಇರಬೇಕು: ಇದು ಹೆಚ್ಚಾದರೆ ಅದು ಕಡಿಮೆ, ಹೀಗೆ ಮಾಡಿದರೆ ಹಾಗಾಗುತ್ತದೆ ಅನ್ನುವಂಥದ್ದು. ಚಲನೆ, ಸಂಭವನೀಯತೆ, ನಿರ್ದೇಶಾಂಕ ರೇಖಾಗಣಿತ, ಆಹಾರ ಸರಪಳಿ, ನೀರಾವರಿ, ಬಜೆಟ್ ಇವೆಲ್ಲ ಚೆನ್ನಾಗಿ ಒಗ್ಗುತ್ತವೆ. ಕವಿಯ ಹುಟ್ಟಿದ ಊರು, ಯುದ್ಧದ ಇಸವಿ ಕೇಳುವ ಕ್ವಿಜ್ ಕೂಡ ಮಾಡಬಹುದು. ಆದರೆ ಅದರಲ್ಲಿ ಮಗು ಪ್ರಶ್ನೆಪತ್ರಿಕೆಯನ್ನೇ ಕಂಪ್ಯೂಟರ್‌ಗೆ ಹಾಕಿದಂತಾಗುತ್ತದೆ, ಅಷ್ಟೇ. ಕ್ವಿಜ್ ಅನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಅದರಿಂದ ಶುರು ಮಾಡಬೇಡಿ.

ತರಗತಿ ಯಾವುದು? ಎಂಟು ಮತ್ತು ಒಂಬತ್ತು. ಹತ್ತನೇ ತರಗತಿಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ ಇದ್ದೇ ಇರುತ್ತದೆ. ಅಲ್ಲಿ ದಸರೆಗೆ ಮೊದಲು ಒಂದು ಸಣ್ಣ ಆಟ ಮಾಡಿಸಿದರೆ ಸಾಕು. ಮುಖ್ಯೋಪಾಧ್ಯಾಯರ ಹತ್ತಿರ ಹೋಗುವಾಗ ಪಾಠಯೋಜನೆ ಕೈಯಲ್ಲಿರಲಿ. ಯಾವ ಅಧ್ಯಾಯ, ಎಷ್ಟು ಪಿರಿಯಡ್, ಯಾವ ಕಲಿಕಾಫಲ ಅಂತ ಬರೆದುಕೊಂಡು ಹೋದರೆ ಒಪ್ಪಿಗೆ ಸಿಗುವುದು ಸುಲಭ. ಆರನೇ ತರಗತಿಯಿಂದಲೇ ಕೋಡಿಂಗ್ ಪರಿಚಯಿಸಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಹೇಳಲು ಒಂದು ಆಧಾರ ಇದ್ದಂತಾಯಿತು.

ಕಾಗದದ ಮೇಲೆ ಆಟ: ಇಲ್ಲಿ ಆತುರ ಬೇಡ

ಮೊದಲ ಎರಡು ವಾರ ಲ್ಯಾಬ್‌ನ ಬಾಗಿಲು ತೆರೆಯಬೇಡಿ. ಮಕ್ಕಳು ಹಟ ಮಾಡುತ್ತಾರೆ, ಮಾಡಲಿ.

ಹುಲಿ-ಕುರಿ ಆಟದಿಂದ ಶುರು ಮಾಡಿ. ಈ ಭಾಗದ ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಇಂಥ ಆಟದ ಮನೆಗಳನ್ನು ಕೆತ್ತಿರುವುದು ಕಾಣಸಿಗುತ್ತದೆ. ನಮ್ಮ ಮಕ್ಕಳು ಆನೆಗೊಂದಿಗೆ ಹೋದಾಗ ಹುಡುಕಲಿ. ಸಾಮಾನ್ಯವಾಗಿ 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗಳು ಸೇರಿ ಹುಲಿ ಅಲುಗಾಡದ ಹಾಗೆ ಕಟ್ಟಿಹಾಕುತ್ತವೆ. ಎರಡು ಕಡೆಯವರ ಬಲ ಬೇರೆ ಬೇರೆ, ಆದರೂ ಯಾರಾದರೂ ಗೆಲ್ಲಬಹುದು. ಈಗ ಮಕ್ಕಳಿಗೆ ಕೇಳಿ: ಐದು ಕುರಿ ತೆಗೆದರೆ ಏನಾಗುತ್ತದೆ? ಹುಲಿಗೆ ಹಾರುವ ಹಕ್ಕು ಒಂದೇ ದಿಕ್ಕಿಗೆ ಕೊಟ್ಟರೆ? ಆಡಿ ನೋಡಲಿ, ಪ್ರತಿ ಸಲ ಯಾರು ಗೆದ್ದರು ಅಂತ ಬರೆದಿಡಲಿ. ಒಂದು ನಿಯಮ ಬದಲಾದರೆ ಇಡೀ ಆಟ ಬದಲಾಗುತ್ತದೆ ಅನ್ನುವುದು ಅವರಿಗೆ ಇಲ್ಲೇ ಹೊಳೆಯುತ್ತದೆ.

ಆಮೇಲೆ ಪಾಠದ ಆಟ. ನಾನು ಮಾಡಿಸುವುದು ಕಾಲುವೆ ಆಟ. ನಮ್ಮ ಸೀಮೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುನಿರಾಬಾದ್ ಹತ್ತಿರ ತುಂಗಭದ್ರಾ ಅಣೆಕಟ್ಟೆಯಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ 200 ಕಿ.ಮೀ.ಗೂ ಜಾಸ್ತಿ ಹರಿಯುತ್ತದೆ. ಯೋಜನೆ ಮಾಡಿದಾಗ ಹೆಚ್ಚಿನ ಜಮೀನಿಗೆ ಕಡಿಮೆ ನೀರು ಸಾಕಾಗುವ ಅರೆನೀರಾವರಿ ಬೆಳೆ ಅಂತ ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೊನೆ ಭಾಗದವರು ನೀರಿಗಾಗಿ ಕಾಯುತ್ತಾರೆ. ನನ್ನ ತರಗತಿಯಲ್ಲಿ ಇರುವವರು ಮೇಲ್ಭಾಗದ ಭತ್ತದವರ ಮಕ್ಕಳು, ಅವರ ನೆಂಟರಿಷ್ಟರು ಕೊನೆ ಭಾಗದಲ್ಲಿದ್ದಾರೆ. ಹಾಗಾಗಿ ಈ ಆಟದಲ್ಲಿ ಮಾತು ಬಿಸಿಯಾಗುತ್ತದೆ.

ಆಡುವ ಕ್ರಮ ಹೀಗೆ. ಐದು ಮಕ್ಕಳು ಸಾಲಾಗಿ ಕೂರಬೇಕು. ಮೊದಲನೆಯವರು ಅಣೆಕಟ್ಟೆಯ ಹತ್ತಿರ, ಐದನೆಯವರು ಕಾಲುವೆಯ ಕೊನೆಗೆ. ಪ್ರತಿಯೊಬ್ಬರೂ ಚೀಟಿಯಲ್ಲಿ ಗುಟ್ಟಾಗಿ ಭತ್ತ ಅಥವಾ ಜೋಳ ಅಂತ ಬರೆಯಬೇಕು. ನೀರಿಗೆ ಬದಲು 12 ಕಡಲೆಕಾಳು. ಭತ್ತಕ್ಕೆ 4 ಕಾಳು ಬೇಕು, ಪೂರ್ತಿ ಸಿಕ್ಕರೆ 5 ಅಂಕ, ಒಂದು ಕಡಿಮೆಯಾದರೂ ಸೊನ್ನೆ. ಜೋಳಕ್ಕೆ 1 ಕಾಳು, 2 ಅಂಕ. ಮೊದಲನೆಯವರು ತಮಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಮುಂದೆ ದಾಟಿಸಬೇಕು.

ಮೊದಲ ಸುತ್ತಿನಲ್ಲಿ ಬಹುತೇಕ ಎಲ್ಲರೂ ಭತ್ತ ಬರೆಯುತ್ತಾರೆ. ಮೊದಲ ಮೂವರಿಗೆ 12 ಕಾಳೂ ಖಾಲಿ. ಕೊನೆಯ ಇಬ್ಬರಿಗೆ ಸೊನ್ನೆ. ಒಟ್ಟು ಅಂಕ 15. ಎಲ್ಲರೂ ಜೋಳ ಹಾಕಿದರೆ ಒಟ್ಟು 10, ಏಳು ಕಾಳು ಸುಮ್ನೆ ಉಳಿಯುತ್ತವೆ. ಇಬ್ಬರು ಭತ್ತ, ಮೂವರು ಜೋಳ ಹಾಕಿದರೆ? 11 ಕಾಳು ಖರ್ಚು, ಒಟ್ಟು 16 ಅಂಕ. ಊರಿಗೆಲ್ಲ ಸೇರಿ ಇದೇ ಜಾಸ್ತಿ, ಯಾರ ಕೈಯೂ ಖಾಲಿ ಇಲ್ಲ. ಈ ಉತ್ತರವನ್ನು ನೀವು ಹೇಳಬೇಡಿ. ಅವರೇ ಕಂಡುಕೊಳ್ಳುವ ತನಕ ಆಡಿಸಿ. ಕಂಡುಕೊಂಡ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ: ಆ ಇಬ್ಬರು ಯಾರು? ಸರದಿ ಮೇಲೆ ಹಾಕೋಣ ಅನ್ನುತ್ತಾರೆ ಒಬ್ಬರು. ಭತ್ತದವರು ಜೋಳದವರಿಗೆ ಒಂದು ಅಂಕ ಕೊಡಲಿ ಅನ್ನುತ್ತಾರೆ ಇನ್ನೊಬ್ಬರು. ಕೊನೆಯಿಂದ ನೀರು ಹಂಚೋಣ ಅಂತ ಮತ್ತೊಬ್ಬರು. ಪ್ರತಿ ಸಲಹೆಯನ್ನೂ ನಿಯಮವಾಗಿ ಬರೆಸಿ, ಆಡಿಸಿ, ಅಂಕ ಹೋಲಿಸಿ.

ನಂತರ ಘಟನೆಯ ಚೀಟಿಗಳನ್ನು ಸೇರಿಸಿ. ಇಲ್ಲಿ ಸಮಾಜ ವಿಜ್ಞಾನದ ಶಿಕ್ಷಕರನ್ನು ಜೊತೆಗೆ ಕರೆದುಕೊಳ್ಳಿ. ಮಳೆ ಬಂತು: ಮೂರು ಕಾಳು ಜಾಸ್ತಿ. ಹೂಳು ತುಂಬಿತು: ಇನ್ನು ಮುಂದೆ ಪ್ರತಿ ಸುತ್ತಿಗೂ 12ರ ಬದಲು 10. ಇದಕ್ಕೆ ಆಧಾರ ಇದೆ. 1953ರಲ್ಲಿ ಅಣೆಕಟ್ಟೆ ಮುಗಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳಿನಿಂದಾಗಿ ಈಗ ಸುಮಾರು 105ಕ್ಕೆ ಇಳಿದಿದೆ. ಗೇಟ್ ಕಿತ್ತುಹೋಯಿತು: ಮುಂದಿನ ಸುತ್ತಿಗೆ ಆರೇ ಕಾಳು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದದ್ದು ಮಕ್ಕಳಿಗೆಲ್ಲ ನೆನಪಿದೆ. ಚೀಟಿಗೆ ಕಾರಣ ಬರೆಯದೆ ಸೇರಿಸುವಂತಿಲ್ಲ ಅಂತ ಒಂದು ಷರತ್ತು ಹಾಕಿ. ಮಕ್ಕಳು ಆಧಾರಕ್ಕಾಗಿ ಪೇಪರ್ ಹುಡುಕುತ್ತಾರೆ, ಮನೆಯಲ್ಲಿ ಕೇಳುತ್ತಾರೆ.

ಲ್ಯಾಬ್ ಸಿದ್ಧ ಮಾಡುವುದು

ಇದು ಒಂದು ಸಂಜೆಯ ಕೆಲಸ. ಸ್ಕ್ರ್ಯಾಚ್ ಅನ್ನುವ ಉಚಿತ ತಂತ್ರಾಂಶ ಸಾಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಇದನ್ನು ಮಕ್ಕಳಿಗಾಗಿಯೇ ಮಾಡಿ 2007ರಲ್ಲಿ ಬಿಡುಗಡೆ ಮಾಡಿತು. ಬಣ್ಣದ ಬ್ಲಾಕುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತದೆ. ವಿಂಡೋಸ್‌ಗೆ ಇಂಟರ್ನೆಟ್ ಬೇಡದ ಆವೃತ್ತಿ ಸಿಗುತ್ತದೆ. ಒಮ್ಮೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಎಲ್ಲ ಯಂತ್ರಕ್ಕೂ ಹಾಕಿ. ಸರ್ಕಾರಿ ಶಾಲೆಗಳ ಲ್ಯಾಬ್‌ನಲ್ಲಿ ವಿಂಡೋಸ್ ಬದಲು ಉಬುಂಟು (ಲಿನಕ್ಸ್‌ನ ಒಂದು ಬಗೆ) ಇದ್ದರೆ ಒಂದು ತೊಡಕಿದೆ: ಸ್ಕ್ರ್ಯಾಚ್ 3ರ ಅಧಿಕೃತ ಆಫ್‌ಲೈನ್ ಆವೃತ್ತಿ ಲಿನಕ್ಸ್‌ಗೆ ಇಲ್ಲ. ಅದಕ್ಕೆ ಟರ್ಬೋವಾರ್ಪ್ ಡೆಸ್ಕ್‌ಟಾಪ್ ಹಾಕಿಕೊಳ್ಳಿ. ಅದು ಸ್ಕ್ರ್ಯಾಚ್‌ನ ಕಡತಗಳನ್ನೇ ತೆರೆಯುತ್ತದೆ, ಉಬುಂಟುವಿನಲ್ಲೂ ನಡೆಯುತ್ತದೆ.

ಕನ್ನಡ ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಇಲ್ಲಿಗೆ ತಂದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಬ್ಲಾಕ್‌ಗಳ ಮೇಲಿನ ಇಂಗ್ಲಿಷ್ ಪದಗಳಿಗೆ ಹೆದರಬೇಡಿ. ಬೇಕಾಗುವುದು ಇಪ್ಪತ್ತು ಪದ. ಬ್ಲಾಕಿನ ಬಣ್ಣದಲ್ಲೇ ಅವನ್ನು ಚಾರ್ಟ್ ಮೇಲೆ ಬರೆದು ಪಕ್ಕದಲ್ಲಿ ಕನ್ನಡ ಅರ್ಥ ಹಾಕಿ ಗೋಡೆಗೆ ಅಂಟಿಸಿ. ಚರಾಕ್ಷರಗಳಿಗೆ ಹೆಸರು ಮಾತ್ರ ಕನ್ನಡದಲ್ಲೇ ಇಡಿಸಿ: ವೇಗ, ಅಂಕ, ನೀರು.

ಒಂದು ಕಂಪ್ಯೂಟರ್‌ಗೆ ಮೂವರು. ಒಬ್ಬರ ಕೈಗೆ ಮೌಸ್, ಇನ್ನೊಬ್ಬರು ಮುಂದೇನು ಅಂತ ಹೇಳುವವರು, ಮತ್ತೊಬ್ಬರು ನೋಟ್‌ಬುಕ್‌ನಲ್ಲಿ ಬರೆಯುವವರು. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ, ಸ್ಥಾನ ಬದಲಾಗಲೇಬೇಕು. ಇದನ್ನು ಬಿಗಿಯಾಗಿ ನಡೆಸದಿದ್ದರೆ ಮೌಸ್ ಹುಡುಗರ ಕೈಯಲ್ಲೇ ಉಳಿಯುತ್ತದೆ, ಬರೆಯುವ ಕೆಲಸ ಹುಡುಗಿಯರ ಪಾಲಿಗೆ ಬರುತ್ತದೆ. ಇದು ತಾನಾಗಿ ಸರಿಹೋಗುವ ವಿಷಯ ಅಲ್ಲ. ಶಿಕ್ಷಕರೇ ಕಣ್ಣಿಟ್ಟು ನೋಡಬೇಕು.

ನೋಟ್‌ಬುಕ್ ಇನ್ನೊಂದು ಕಾರಣಕ್ಕೂ ಬೇಕು. ಹತ್ತಿ ಬಿಡಿಸುವ ಕಾಲಕ್ಕೆ, ಭತ್ತದ ನಾಟಿ ಸಮಯಕ್ಕೆ ನಮ್ಮ ಕೆಲವು ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ತಿರುಗಿ ಬಂದ ಮಗು ಗುಂಪಿನ ನೋಟ್‌ಬುಕ್ ಓದಿದರೆ ಕೆಲಸ ಎಲ್ಲಿಗೆ ಬಂದಿದೆ ಅಂತ ತಿಳಿಯಬೇಕು. ಹಾಗೆ ಬಂದವರಿಗೆ ಮೊದಲ ದಿನವೇ ಮೌಸ್ ಕೊಡಿ. ಕರೆಂಟ್ ಹೋದ ದಿನವೂ ಅದೇ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ, ಮುಂದಿನ ಬ್ಲಾಕುಗಳನ್ನು ಕಾಗದದಲ್ಲೇ ಬರೆಸಬಹುದು.

ಮೊದಲ ಆಟ: ಬೀಳುವ ಮಾವು

ಮೇಲಿಂದ ಬೀಳುವ ಮಾವನ್ನು ಬುಟ್ಟಿಯಲ್ಲಿ ಹಿಡಿಯುವ ಆಟ ಇದು. ಪರದೆಯ ಪರಿಚಯವೇ ಒಂದು ಗಣಿತದ ಪಾಠ. ಸ್ಕ್ರ್ಯಾಚ್‌ನ ವೇದಿಕೆ 480 ಅಗಲ, 360 ಎತ್ತರ. ನಡುವೆ ಮೂಲಬಿಂದು. ಎಕ್ಸ್ ಅಕ್ಷ –240ರಿಂದ 240, ವೈ ಅಕ್ಷ –180ರಿಂದ 180. ಒಂಬತ್ತನೆಯವರ ನಿರ್ದೇಶಾಂಕದ ಪಾಠ ಇಲ್ಲಿ ಕಣ್ಣಿಗೆ ಕಾಣುತ್ತದೆ. ಬುಟ್ಟಿಯನ್ನು ಮೂರನೇ ಚತುರ್ಥಕಕ್ಕೆ ತಂದು ನಿಲ್ಲಿಸು ಅಂತ ಹೇಳಿ, ನಾಲ್ಕು ಸಲ ಬೇರೆ ಬೇರೆ ಮಕ್ಕಳಿಂದ ಮಾಡಿಸಿ, ಮುಂದೆ ಹೋಗಿ.

ಚಿತ್ರಗಳನ್ನು ಮಕ್ಕಳೇ ಬಿಡಿಸಲಿ. ಕಾಗದದ ಮೇಲೆ ಬಿಡಿಸಿ, ನಿಮ್ಮ ಫೋನಿನಲ್ಲಿ ಫೋಟೊ ತೆಗೆದು ಒಳಗೆ ಹಾಕಬಹುದು. ಕಿನ್ನಾಳದ ಮರದ ಗೊಂಬೆ ನೋಡಿ ಬಿಡಿಸಿದ ಹಕ್ಕಿ, ಹಣ್ಣು ಪರದೆಯ ಮೇಲೆ ಎಷ್ಟು ಚೆಂದ ಕಾಣುತ್ತವೆ ಅಂದರೆ ಸ್ಕ್ರ್ಯಾಚ್‌ನಲ್ಲಿ ಮೊದಲೇ ಇರುವ ಬೆಕ್ಕನ್ನು ಮಕ್ಕಳು ಮರೆತೇಬಿಡುತ್ತಾರೆ.

ಮೊದಲು ಹಣ್ಣು ಒಂದೇ ವೇಗದಲ್ಲಿ ಬೀಳಲಿ. ಆಟ ಶುರುಮಾಡುವ ಹಸಿರು ಬಾವುಟ ಒತ್ತಿದಾಗ ಹಣ್ಣು ವೈ 170ಕ್ಕೆ ಹೋಗಬೇಕು. ಆಮೇಲೆ ಒಳಗಿದ್ದುದನ್ನು ಮತ್ತೆ ಮತ್ತೆ ನಡೆಸುವ ಫಾರೆವರ್ ಬ್ಲಾಕಿನೊಳಗೆ ‘ಚೇಂಜ್ ವೈ ಬೈ –5’. ಹಣ್ಣು ಬೀಳುತ್ತದೆ. ಆದರೆ ಯಾರನ್ನಾದರೂ ಕೇಳಿ, ಇದು ಮಾವು ಬಿದ್ದ ಹಾಗೆ ಇದೆಯಾ? ಇಲ್ಲ ಅನ್ನುತ್ತಾರೆ. ಹಗ್ಗ ಕಟ್ಟಿ ಇಳಿಸಿದ ಹಾಗಿದೆ. ಏನು ಕಡಿಮೆ? ಅಲ್ಲಿಂದ ವೇಗೋತ್ಕರ್ಷದ ಪಾಠ ಶುರು.

ಈಗ ‘ವೇಗ’ ಅನ್ನುವ ಚರಾಕ್ಷರ ಮಾಡಿ. ಶುರುವಿಗೆ ಸೊನ್ನೆ. ಫಾರೆವರ್ ಒಳಗೆ ಎರಡೇ ಬ್ಲಾಕು: ವೇಗವನ್ನು –0.5ರಷ್ಟು ಬದಲಿಸು, ವೈ ಅನ್ನು ವೇಗದಷ್ಟು ಬದಲಿಸು. ಕೊನೆಯ ವೇಗ = ಆರಂಭದ ವೇಗ + ವೇಗೋತ್ಕರ್ಷ × ಕಾಲ ಅನ್ನುವ ಸೂತ್ರ ಈ ಎರಡು ಬ್ಲಾಕುಗಳಲ್ಲಿ ಕೂತಿದೆ. ಒಂದೆರಡು ಗುಂಪಿನಿಂದ ಕೂಗು ಬಂದೇ ಬರುತ್ತದೆ: “ಸರ್, ಹಣ್ಣು ಕೆಳಗ ಬೀಳವಲ್ದು, ಮ್ಯಾಲೆ ಹೊಂಟೈತಿ!” ಮೈನಸ್ ಚಿಹ್ನೆ ಹಾಕಿರುವುದಿಲ್ಲ. ನೀವು ಕೀಬೋರ್ಡ್ ಮುಟ್ಟಬೇಡಿ. “ವೈ ಯಾವ ಕಡೆಗೆ ಜಾಸ್ತಿ ಆಗ್ತದ?” ಅಂತ ಕೇಳಿ ಮುಂದಿನ ಗುಂಪಿಗೆ ಹೋಗಿ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಫಾರೆವರ್ ತೆಗೆದು ‘ರಿಪೀಟ್ 10’ ಹಾಕಿ. ಹಣ್ಣು ನಡುವೆ ನಿಲ್ಲುತ್ತದೆ, ವೈ ಎಷ್ಟು ಅಂತ ಓದಿ. 142.5. ಅಂದರೆ 27.5 ಕೆಳಗೆ ಬಂದಿದೆ. 20 ಸಲಕ್ಕೆ? ವೈ 65, ಬಂದ ದೂರ 105. 30 ಸಲಕ್ಕೆ 232.5. ಪ್ರತಿ ಹೆಜ್ಜೆಯ ದೂರ 0.5, 1, 1.5, 2 ಹೀಗೆ ಹೋಗುತ್ತದೆ. ಇದು ಹತ್ತನೆಯವರ ಸಮಾಂತರ ಶ್ರೇಢಿ. ಮೊತ್ತದ ಸೂತ್ರ ಹಾಕಿದರೆ ಅದೇ 105 ಬರುತ್ತದೆ.

ಆದರೆ ವಿಜ್ಞಾನದ ಪುಸ್ತಕದ ಸೂತ್ರ ಹಾಕಿ ನೋಡಿ: ಅರ್ಧ × ವೇಗೋತ್ಕರ್ಷ × ಕಾಲದ ವರ್ಗ. 20 ಹೆಜ್ಜೆಯನ್ನೇ ಕಾಲ ಅಂತ ಹಿಡಿದರೆ ಅರ್ಧ × 0.5 × 400, ಅಂದರೆ 100. ಕಂಪ್ಯೂಟರ್ 105 ಅನ್ನುತ್ತದೆ. ಯಾವುದು ಸರಿ? ಎರಡು ಬ್ಲಾಕುಗಳ ಜಾಗ ಅದಲುಬದಲು ಮಾಡಿ, ಮೊದಲು ಚಲಿಸಿ ಆಮೇಲೆ ವೇಗ ಬದಲಿಸಲಿ. ಈಗ ಉತ್ತರ 95. ನೂರು ಎರಡರ ಸರಿಯಾದ ನಡುವೆ ಇದೆ! ಕಂಪ್ಯೂಟರ್‌ನಲ್ಲಿ ವೇಗ ಹೆಜ್ಜೆಹೆಜ್ಜೆಗೆ ಜಿಗಿಯುತ್ತದೆ, ನಿಜವಾದ ಹಣ್ಣಿನ ವೇಗ ಎಡೆಬಿಡದೆ ಬದಲಾಗುತ್ತದೆ. ವ್ಯತ್ಯಾಸ ಅಲ್ಲಿಂದ ಬಂತು. ಇದನ್ನು ಮಕ್ಕಳು ತಾವೇ ಹೇಳುವಷ್ಟು ಸಮಯ ಕೊಡಿ, ಒಂದು ಪಿರಿಯಡ್ ಪೂರ್ತಿ ಹೋದರೂ ಪರವಾಗಿಲ್ಲ.

ಉಳಿದದ್ದು ಸುಲಭ. ಹಣ್ಣಿಗೆ ಎಕ್ಸ್ –200ರಿಂದ 200ರೊಳಗೆ ಎಲ್ಲಾದರೂ ಶುರುವಾಗುವ ಹಾಗೆ ಪಿಕ್ ರ್‍ಯಾಂಡಮ್ ಬ್ಲಾಕ್. ಬುಟ್ಟಿಗೆ ತಾಗಿದರೆ ಅಂಕ ಒಂದು ಜಾಸ್ತಿ. ವೈ –170ಕ್ಕಿಂತ ಕೆಳಗೆ ಹೋದರೆ ಹಣ್ಣು ಮತ್ತೆ ಮೇಲೆ, ವೇಗ ಮತ್ತೆ ಸೊನ್ನೆ. ವೇಗ ಸೊನ್ನೆ ಮಾಡುವುದನ್ನು ಮರೆತ ಗುಂಪಿನ ಹಣ್ಣು ಎರಡನೇ ಸಲ ಗುಂಡಿನ ಹಾಗೆ ಬೀಳುತ್ತದೆ. ಯಾಕೆ ಅಂತ ಪಕ್ಕದ ಗುಂಪು ಹೇಳಲಿ.

ಇಷ್ಟಾದ ಮೇಲೆ ಕಾಲುವೆ ಆಟವನ್ನು ಕಂಪ್ಯೂಟರ್‌ಗೆ ತರಬಹುದು. ನೀರು ಒಂದು ಚರಾಕ್ಷರ, ಐದು ಹೊಲ ಒಂದು ಲಿಸ್ಟ್. ನಿಯಮಗಳು ಆಗಲೇ ಕಾಗದದ ಮೇಲಿವೆ. ಇದು ಚುರುಕಾದ ಗುಂಪುಗಳಿಗೆ ಸಾಕು, ಎಲ್ಲರಿಗೂ ಕಡ್ಡಾಯ ಬೇಡ.

ಬೇರೆಯವರಿಗೆ ಆಡಲು ಕೊಡುವುದು

ಒಂಬತ್ತನೆಯವರು ಮಾಡಿದ ಆಟವನ್ನು ಎಂಟನೆಯವರು ಆಡಲಿ. ಷರತ್ತು ಒಂದೇ: ಮಾಡಿದವರು ಬಾಯಿ ಬಿಡುವಂತಿಲ್ಲ. “ಅಲ್ಲಿ ಒತ್ತು” ಅಂತ ಹೇಳುವ ಆಸೆ ತಡೆಯಲು ಆಗುವುದಿಲ್ಲ, ಆದರೂ ತಡೆಯಬೇಕು. ಎಲ್ಲಿ ಆಡುವವರು ನಿಂತರು, ಎಲ್ಲಿ ಬೇಸರಪಟ್ಟರು ಅಂತ ಬರೆದುಕೊಳ್ಳಬೇಕು. ಆಮೇಲೆ ಅದರಲ್ಲಿ ಎರಡನ್ನು ಮಾತ್ರ ಸರಿಮಾಡಿ ಮತ್ತೆ ಆಡಲು ಕೊಡಬೇಕು. ತನ್ನ ಕೆಲಸದ ಬಗ್ಗೆ ಬೇರೆಯವರು ಹೇಳಿದ್ದನ್ನು ಸುಮ್ಮನೆ ಕೇಳಿಸಿಕೊಳ್ಳುವುದು ಹದಿನಾಲ್ಕರ ವಯಸ್ಸಿನಲ್ಲಿ ಸಣ್ಣ ಕಲಿಕೆಯಲ್ಲ.

ಆ್ಯಪ್: ಅಮ್ಮನ ಸಂಘದ ಲೆಕ್ಕದಿಂದ

ಆ್ಯಪ್ ಶುರುವಾಗಬೇಕಾದದ್ದು ಮನೆಯಿಂದ. ನಮ್ಮ ಮಕ್ಕಳಲ್ಲಿ ಹಲವರ ಅಮ್ಮಂದಿರು ಸ್ವಸಹಾಯ ಸಂಘದಲ್ಲಿದ್ದಾರೆ. ನಿಮಗೆ ಆ್ಯಪ್ ಬೇಕಾ ಅಂತ ಕೇಳಿಸಬೇಡಿ, ಮಗ ಕೇಳಿದರೆ ಯಾವ ತಾಯಿಯೂ ಬೇಡ ಅನ್ನುವುದಿಲ್ಲ. ಹೀಗೆ ಕೇಳಲಿ: “ಯವ್ವಾ, ಹೋದ ವಾರ ಸಂಘದ ಲೆಕ್ಕ ಬರೆಯುವಾಗ ಏನ್ ತ್ರಾಸ ಆತು?” ಉತ್ತರವನ್ನು ಅವರ ಮಾತಿನಲ್ಲೇ ಬರೆದು ತರಲಿ. ಕೂಡಿಸುವಾಗ ತಪ್ಪಾಗುತ್ತದೆ, ಬರೆಯಲು ಬರುವವರು ಒಬ್ಬರೇ, ನನ್ನದು ಎಷ್ಟಾಯ್ತು ಅಂತ ಕೇಳಲು ಸಂಕೋಚ. ಇಂಥ ಉತ್ತರಗಳಿಂದ ಆ್ಯಪ್ ಏನು ಮಾಡಬೇಕು ಅಂತ ತಾನಾಗಿ ತಿಳಿಯುತ್ತದೆ. ನಿಜವಾದ ಹೆಸರು, ಸಾಲದ ಮೊತ್ತ ಶಾಲೆಗೆ ತರಬಾರದು ಅಂತ ಮೊದಲೇ ಹೇಳಿ. ಅಭ್ಯಾಸಕ್ಕೆ ಕಾಲ್ಪನಿಕ ಹೆಸರು, ಮೊತ್ತ ಸಾಕು.

ಪರದೆಗಳನ್ನು ಕಾಗದದ ಮೇಲೆ ಬಿಡಿಸಿ. ಮೂರು ಪರದೆಗಿಂತ ಜಾಸ್ತಿ ಬೇಡ. ಒಂದು ಮಗು ಫೋನ್ ಆಗುತ್ತದೆ: ಎದುರಿನವರು ಕಾಗದದ ಮೇಲಿನ ಗುಂಡಿ ಒತ್ತಿದರೆ ಮುಂದಿನ ಕಾಗದ ಇಡಬೇಕು. ಓದಲು ಬಾರದ ಅಜ್ಜಿ ಇದನ್ನು ಬಳಸಬಹುದಾ ಅಂತ ಕೇಳಿ. ಆಗ ಅಕ್ಷರದ ಬದಲು ಚಿತ್ರ ಬರುತ್ತದೆ, ಮೊತ್ತವನ್ನು ಓದಿ ಹೇಳುವ ಗುಂಡಿ ಬರುತ್ತದೆ.

ಕಟ್ಟಲು ಆ್ಯಪ್ ಇನ್ವೆಂಟರ್. 2010ರಲ್ಲಿ ಗೂಗಲ್‌ನಲ್ಲಿ ಹುಟ್ಟಿದ್ದು, ಈಗ ಎಂಐಟಿ ನಡೆಸುತ್ತದೆ, ಉಚಿತ. ಸ್ಕ್ರ್ಯಾಚ್ ಬಂದವರಿಗೆ ಬ್ಲಾಕು ಹೊಸದಲ್ಲ. ಬ್ರೌಸರ್‌ನಲ್ಲಿ ನಡೆಯುವುದರಿಂದ ಇಂಟರ್ನೆಟ್ ಬೇಕು. ಗೂಗಲ್ ಖಾತೆ ಇಲ್ಲದೆ ಒಂದು ಕೋಡ್ ಮೂಲಕ ಒಳಹೋಗುವ ದಾರಿಯೂ ಇದೆ. ಆ ಕೋಡನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ, ಕಳೆದರೆ ಕೆಲಸ ಹೋಯಿತು. ನಿಮ್ಮ ಆಂಡ್ರಾಯ್ಡ್ ಫೋನಿಗೆ ಅದರ ಕಂಪ್ಯಾನಿಯನ್ ಆ್ಯಪ್ ಹಾಕಿ, ಕಂಪ್ಯೂಟರ್ ಮತ್ತು ಫೋನ್ ಒಂದೇ ವೈಫೈನಲ್ಲಿದ್ದರೆ ಮಕ್ಕಳು ಮಾಡಿದ್ದು ಕೂಡಲೇ ಫೋನಿನಲ್ಲಿ ಕಾಣುತ್ತದೆ.

ಬೇಕಾಗುವ ಭಾಗಗಳು ಕಡಿಮೆ. ಹೆಸರು ಆರಿಸಲು ಲಿಸ್ಟ್ ಪಿಕರ್, ಮೊತ್ತಕ್ಕೆ ಟೆಕ್ಸ್ಟ್ ಬಾಕ್ಸ್, ಒಂದು ಬಟನ್, ನೆನಪಿಗೆ ಟೈನಿ ಡಿಬಿ, ಓದಿ ಹೇಳಲು ಟೆಕ್ಸ್ಟ್ ಟು ಸ್ಪೀಚ್. ಬಟನ್ ಒತ್ತಿದಾಗ ಹಳೆಯ ಮೊತ್ತ ತೆಗೆ, ಹೊಸದನ್ನು ಕೂಡಿಸು, ಮತ್ತೆ ಇಡು. ಮೊದಲ ಸಲ ಹಳೆಯ ಮೊತ್ತವೇ ಇಲ್ಲವಲ್ಲ, ಆಗ ಸೊನ್ನೆ ಅಂತ ತಿಳಿಯಬೇಕು ಅನ್ನುವುದನ್ನು ಮಕ್ಕಳೇ ಕಂಡುಕೊಳ್ಳಲಿ. ಇದಾದ ಮೇಲೆ ನೂರಕ್ಕೆ ತಿಂಗಳಿಗೆ ಇಷ್ಟು ಅಂತ ಬಡ್ಡಿ ಸೇರಿಸಿದರೆ ಸರಳ ಬಡ್ಡಿಯ ಪಾಠವೂ ಆಯಿತು. ಟೈನಿ ಡಿಬಿಯಲ್ಲಿಟ್ಟದ್ದು ಆ ಫೋನಿನೊಳಗೇ ಇರುತ್ತದೆ, ಆ್ಯಪ್ ಅಳಿಸಿದರೆ ಅದೂ ಹೋಗುತ್ತದೆ. ಹಾಗಾಗಿ ಸಂಘದ ಪುಸ್ತಕದ ಬದಲಿಗೆ ಇದನ್ನು ಬಳಸಲು ಹೇಳಬೇಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಮಕ್ಕಳ ಫೋಟೊ, ಫೋನ್ ನಂಬರ್, ಊರಿನ ಹೆಸರು ಯಾವ ಆಟದಲ್ಲೂ ಆ್ಯಪಿನಲ್ಲೂ ಬರದಿರಲಿ.

ಅಂಕ ಮತ್ತು ದಾಖಲೆ

ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಇದನ್ನು ತೋರಿಸಬಹುದು. ಪರದೆ ಎಷ್ಟು ಚೆಂದ ಇದೆ ಅನ್ನುವುದಕ್ಕೆ ಅಂಕ ಬೇಡ. ಪ್ರತಿ ಮಗುವನ್ನು ಎರಡು ನಿಮಿಷ ಕೂರಿಸಿ, ಒಂದು ಬ್ಲಾಕ್ ತೋರಿಸಿ ಕೇಳಿ: ಇದನ್ನು ತೆಗೆದರೆ ಏನಾಗುತ್ತದೆ? ಈ 0.5 ಅನ್ನು 1 ಮಾಡಿದರೆ? ಉತ್ತರ ಬಂದರೆ ಪಾಠ ಬಂದಿದೆ. ಗುಂಪಿನಲ್ಲಿ ಸುಮ್ನೆ ಕೂತವರು ಯಾರು ಅನ್ನುವುದೂ ಇದರಲ್ಲೇ ಗೊತ್ತಾಗುತ್ತದೆ. ಅವರಿಗೆ ಅಂಕ ಕತ್ತರಿಸುವ ಮೊದಲು ಇನ್ನೊಂದು ಅವಕಾಶ ಕೊಡಿ.

ಪಾಲಕರ ಸಭೆಯ ದಿನ ಕಾಲುವೆ ಆಟವನ್ನು ಪಾಲಕರಿಗೇ ಆಡಿಸಿ, ಮಕ್ಕಳು ನಡೆಸಲಿ. ಕಡತಗಳನ್ನು ವರ್ಷ, ತರಗತಿ, ಆಟದ ಹೆಸರು ಹಾಕಿ ಎರಡು ಪೆನ್‌ಡ್ರೈವ್‌ನಲ್ಲಿ ಇಡಿ. ಒಂದು ಲ್ಯಾಬ್‌ನಲ್ಲಿ, ಇನ್ನೊಂದು ಕಚೇರಿಯ ಬೀರುವಿನಲ್ಲಿ. ಮುಂದಿನ ವರ್ಷದ ಎಂಟನೆಯವರಿಗೆ ಖಾಲಿ ಪರದೆ ಕೊಡಬೇಡಿ. ಹಿಂದಿನವರ ಒಂದು ಆಟ ತೆರೆದುಕೊಟ್ಟು, ಇದರಲ್ಲಿ ಒಂದು ನಿಯಮ ಬದಲಿಸಿ ತೋರಿಸಿ ಅನ್ನಿ.